ಎಂಜಾಯ್ ಆದಮೇಲೆ ಬರೋದು

ಎಂಜಾಯ್ ಆದಮೇಲೆ 'ಟು ಸೀ' ಬರಲ್ಲ, 'ಸೀಯಿಂಗ್' ಬರತ್ತೆ ಅಂತ ಶ್ರೀವಿದ್ಯಾ ಮೂರು ವಾರದಿಂದ ಹೇಳಿಕೊಡುತ್ತಿದ್ದಳು. ಆದರೂ ಅಂದಾನಿ ಹೋಮ್‌ವರ್ಕ್ ಹಾಳೆಯಲ್ಲಿ ಬರೆದಿದ್ದ: 'ಐ ಎಂಜಾಯ್ ಟು ಸೀ ಮೇಡಂ.'

ಮಳವಳ್ಳಿ ಕಡೆಯ ಅಂದಾನಿಗೆ ಸೌಕಾರ್‌ಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸ. ಅಂಗಡಿ ತೆರೆಯುವ ಮುಂಚೆ ಕೀಲ್ಪಾಕಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರುತ್ತಿದ್ದ. ಬೋರ್ಡ್ ನೋಡುವ ನೆಪದಲ್ಲಿ ಅವಳನ್ನೇ ನೋಡುತ್ತಿದ್ದ. ಅವಳು ತಿರುಗಿದರೆ ಆ ನೋಟ ಫ್ಯಾನಿನ ಮೇಲೆ ಹೋಗಿ ಕೂರುತ್ತಿತ್ತು. ಅದು ಅವಳಿಗೂ ಇಷ್ಟವಾಗುತ್ತಿತ್ತು.

ಹಾಳೆ ಮೊದಲು ಸಿಕ್ಕಿದ್ದು ವರುಣ್ ಕೈಗೆ. ಅವನೂ ಅಲ್ಲೇ ಮೇಷ್ಟ್ರು. ಅವನ ಜೊತೆ ಅವಳ ಮದುವೆಯ ಮಾತು ನಡೆದಿತ್ತು. ಬಜ್ಜಿ ತಿನ್ನುತ್ತಲೇ ಫೋಟೋ ತೆಗೆದು ಸ್ಟಾಫ್ ಗ್ರೂಪಿಗೆ ಹಾಕಿದ. ಎಲ್ಲರೂ ನಗುವ ಮುಖ ಒತ್ತಿದರು. ತನ್ನ ಮನಸ್ಸು ಯಾರಿಗಾದರೂ ಗೊತ್ತಾದೀತೆಂದು ಹೆದರಿ ಶ್ರೀವಿದ್ಯಾಳೂ ಒಂದು ಒತ್ತಿದಳು.

ಮಾರನೆಯ ದಿನದಿಂದ ಅಂದಾನಿ ಬರಲಿಲ್ಲ.

ವಾರದ ಮೇಲೆ ವರುಣ್ ಬಜ್ಜಿ ತಿನ್ನುತ್ತ ಅದೇ ಫೋಟೋವನ್ನು ಮತ್ತೆ ಅವಳ ಮುಂದೆ ಹಿಡಿದ. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ, ಫೋನಿನ ಗಾಜಿನ ಮೇಲೆ ಎಣ್ಣೆ ಬೆರಳು, ಬೆರಳು ನೆಕ್ಕಿ ಮತ್ತೆ ಅದೇ ನಗು. ಸಾಲಾಗಿದ್ದ ನಗುಗಳ ನಡುವೆ ತನ್ನ ಹೆಸರು ಕಂಡಾಗ ಅವಳ ಬಾಯೆಲ್ಲ ಕಹಿಯಾಯಿತು. ಅಳಿಸು ಅಂದಳು. ಇಷ್ಟಕ್ಕೆಲ್ಲ ಯಾಕೆ, ತಮಾಷೆ ತಾನೇ ಅಂದ ಅವನು.

"ನಿನ್ ಪಕ್ಕ ಕೂತು ಕಾಫಿ ಕುಡಿಯಕ್ಕೂ ನಂಗೆ ಅಸಹ್ಯವಾಗತ್ತೆ, ವರುಣ್."

ಆ ರಾತ್ರಿ ಮನೆಯಲ್ಲೂ ಮದುವೆ ಬೇಡವೆಂದಳು. ಅಮ್ಮ ಅತ್ತರು. ಅವಳು ಮಾತು ಬದಲಿಸಲಿಲ್ಲ.

ಶನಿವಾರ ಮಧ್ಯಾಹ್ನ ಸೌಕಾರ್‌ಪೇಟೆಯ ನೂಕುನುಗ್ಗಲಲ್ಲಿ ಸೀರೆ ಅಂಗಡಿ ಹುಡುಕಿಕೊಂಡು ಹೋದಳು. ಅಂದಾನಿ ಸೀರೆ ಮಡಿಸುತ್ತಿದ್ದ. ನಡೆದದ್ದೆಲ್ಲ ಹೇಳಿದಳು; ತಾನೂ ನಕ್ಕಿದ್ದನ್ನು ಬಚ್ಚಿಡಲಿಲ್ಲ.

ಅವನು ತಲೆ ಎತ್ತಲಿಲ್ಲ. "ಗೊತ್ತು ಮೇಡಂ. ಫೋಟೋ ನಮ್ ಬ್ಯಾಚ್‌ಗೂ ಬಂತು. ತಪ್ಪು ಬರ್ದಿದ್ದಕ್ಕೆ ನಕ್ಕಿದ್ರೆ ನಂಗೆ ಬೇಜಾರಿಲ್ಲ. ಮನ್ಸಲ್ಲಿದ್ದಿದ್ನ ಬರ್ದಿದ್ದಕ್ಕೆ ನಕ್ರಲ್ಲ."

"ನನ್ ಮನಸ್ಸಲ್ಲೂ ಅದೇ ಇತ್ತು. ಒಪ್ಪಕ್ಕೆ ಹೆದರಿ ನಕ್ಕೆ. ನೆನೆಸ್ಕೊಂಡ್ರೆ ನನ್ ಮೇಲೆ ನಂಗೇ ಹೇಸಿಗೆ."

ಮಡಿಸುತ್ತಿದ್ದ ಕೈ ನಿಂತಿತು. ಈ ಸಲ ಅವನು ಅವಳನ್ನೇ ನೋಡಿದ, ಅವಳೂ ನೋಡಿದಳು. ಅವನು ಸ್ಟೂಲೊಂದನ್ನು ಒರೆಸಿ ಮುಂದಕ್ಕೆ ಸರಿಸಿದ.

"ಅಂಗ್ಡಿ ಮುಚ್ಚೋದು ಎಂಟಕ್ಕೆ. ತುಂಬಾ ಹೊತ್ತಾಯ್ತದೆ."

"ಆಗ್ಲಿ" ಎಂದು ಶ್ರೀವಿದ್ಯಾ ಕೂತಳು.