ನೂರಕ್ಕೆ ಎಷ್ಟು ಖಚಿತ?

ತರಗತಿಯ ಬಾಗಿಲು ದಡಾರನೆ ತೆರೆಯಿತು. ಒಳಗೆ ನುಗ್ಗಿದವನು ನೇರವಾಗಿ ಅವಳತ್ತ ಬಂದು, ಮಡಿಲಲ್ಲಿದ್ದ ಬ್ಯಾಗು ಕಿತ್ತುಕೊಂಡು, ಒಂದು ಕ್ಷಣ ಅವಳ ಕಣ್ಣಲ್ಲಿ ಕಣ್ಣಿಟ್ಟು ನಿಂತು... ಓಡಿಹೋದ.

ಅವಳು ಕೂಗುತ್ತಾ ಎದ್ದು ನಿಂತಳು. ಪ್ರಾಧ್ಯಾಪಕಿ ಮಾತ್ರ ಏನೂ ಆಗದವರಂತೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಕಳ್ಳ ಹೇಗಿದ್ದ ಬರೆಯಿರಿ, ನೂರಕ್ಕೆ ಎಷ್ಟು ಖಚಿತ ಅನ್ನುವುದನ್ನೂ ಬರೆಯಿರಿ ಎಂದರು.

ದಪ್ಪ ಮೀಸೆ, ಎಂದು ಬರೆದಳು ಅವಳು. ನೂರಕ್ಕೆ ನೂರು.

ಐದು ನಿಮಿಷಕ್ಕೆ ಕಳ್ಳ ಬ್ಯಾಗು ಹಿಡಿದು ನಗುತ್ತಾ ವಾಪಸು ಬಂದ. ನುಣ್ಣಗೆ ಬೋಳಿಸಿದ ಮುಖ! ಮೊದಲು ಪೊಲೀಸ್ ಇಲಾಖೆಯಲ್ಲಿದ್ದವನು, ಈಗ ನೆನಪಿನ ಬಗ್ಗೆ ಸಂಶೋಧನೆ ನಡೆಸುವ ನಮ್ಮ ಈ ಲ್ಯಾಬಿನಲ್ಲಿ ಸಾಕ್ಷಿಗಳನ್ನು ಹೇಗೆ ಪ್ರಶ್ನಿಸಬೇಕೆಂದು ತನಿಖಾಧಿಕಾರಿಗಳಿಗೆ ಕಲಿಸುತ್ತಾನೆ ಎಂದು ಪ್ರಾಧ್ಯಾಪಕಿ ಪರಿಚಯಿಸಿದರು.

"ನನ್ನ ಮೀಸೆ ಎಲ್ಲಿ ಕಂಡಿತು ನಿಮಗೆ?" ಎಂದ ಅವನು, ಬ್ಯಾಗು ಕೊಡುತ್ತಾ.

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವಳಿಗೆ. ಅಂದಿನಿಂದ ಅವಳು ಅವನಿಗೆ 'ಮೀಸೆ ಮೇಡಂ', ಅವನು ಅವಳಿಗೆ 'ಕಳ್ಳ'. ಎರಡು ವರ್ಷ ಒಂದೇ ಮೇಜಿನಲ್ಲಿ ಊಟ. ಕೊನೆಗೆ, ಭಾನುವಾರ ಮನೆಗೆ ಬಂದು ನಿಮ್ಮ ಅಮ್ಮನ ಹತ್ತಿರ ಮಾತಾಡುತ್ತೇನೆ ಎಂದ. ಅವಳು ಹೂಂ ಎಂದಳು.

ಮನೆಯ ಗೋಡೆಯ ಮೇಲಿನ ಅಣ್ಣನ ಫೋಟೊ ಬಗ್ಗೆ ಮಾತ್ರ ಅವಳು ಯಾರಲ್ಲೂ ಬಾಯಿಬಿಟ್ಟಿರಲಿಲ್ಲ.

ಔಷಧಿ ಅಂಗಡಿಯ ಮಾಲೀಕನನ್ನು ಕೊಂದನೆಂದು ಅಣ್ಣ ಆರು ವರ್ಷದಿಂದ ಜೈಲಿನಲ್ಲಿದ್ದ. ಕೊಲೆಯಾದ ಹೊತ್ತಿಗೆ ಅವನು ಇವಳ ಪಕ್ಕದಲ್ಲೇ ಕೂತು ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಮನೆಯವರ ಮಾತನ್ನು ಯಾರು ನಂಬುತ್ತಾರೆ? ಅಂಗಡಿಯ ಕೆಲಸದಾಕೆ ಕಟಕಟೆಯಲ್ಲಿ ನಿಂತು, ಇವನೇ, ಅನುಮಾನವೇ ಇಲ್ಲ ಎಂದುಬಿಟ್ಟಳು. ಅಷ್ಟು ಖಚಿತ ಹೇಗಾಯಿತು ಅವಳಿಗೆ? ಅದನ್ನು ತಿಳಿಯಲೆಂದೇ ತಂಗಿ ಈ ಲ್ಯಾಬು ಸೇರಿದ್ದು.

ಆ ಶುಕ್ರವಾರ ಉತ್ತರ ಸಿಕ್ಕಿತು. ಸಂಶೋಧನೆಗೆಂದು ಇಲಾಖೆ ಕಳಿಸಿದ್ದ ಹಳೆಯ ಟೇಪುಗಳ ನಡುವೆ ಅಣ್ಣನ ಕೇಸಿನದೂ ಇತ್ತು. ಕೋರ್ಟಿಗೆ ಯಾರೂ ಕೊಡದೇ ಬಿಟ್ಟಿದ್ದ ಟೇಪು. ಕೆಲಸದಾಕೆಯ ಮುಂದೆ ಫೋಟೊಗಳನ್ನು ಜೋಡಿಸಿಡುವ ಸದ್ದು. ಅವಳ ನಡುಗುವ ದನಿ: "ಇವನಿರಬಹುದೇನೋ... ಮೂಗು ಹಾಗೇ ಇದೆ..." ಆಮೇಲೆ ಒಬ್ಬ ಗಂಡಸು, "ನೀರು ಕುಡೀರಿ" ಎಂದ. ಟಕ್. ಟೇಪು ಅಲ್ಲಿಗೇ ನಿಂತಿತ್ತು.

ಎರಡೇ ಮಾತು. ಎರಡು ವರ್ಷ ಎದುರಿಗೆ ಕೂತು ಉಂಡವನ ದನಿ ಗುರುತು ಸಿಗದೇ ಇರುತ್ತದೆಯೇ?

ಎಲ್ಲವನ್ನೂ ಕೇಳಿದ ಪ್ರಾಧ್ಯಾಪಕಿ ಎದ್ದು ಕೋಣೆಯ ಬಾಗಿಲು ಹಾಕಿದರು. ಟೇಪು ನಿಂತ ಮೇಲೆ ಏನಾಯಿತೆಂಬುದು ಇನ್ನು ಅವನಿಗೊಬ್ಬನಿಗೇ ಗೊತ್ತು. ಕೆಲಸದಾಕೆಗೆ ತಾನು ಒಮ್ಮೆ ಅನುಮಾನಪಟ್ಟಿದ್ದೇ ಈಗ ನೆನಪಿರಲಾರದು.

"ನೀನು ತಂಗಿ ಅಂತ ಗೊತ್ತಾದರೆ ನಿನಗೆ ಬೇಕಾದ್ದನ್ನೇ ಅವನು ನೆನಪು ಮಾಡ್ಕೋತಾನೆ," ಎಂದರು ಅವರು. "ಆಮೇಲೆ ಆ ಮಾತಿಗೆ ಕವಡೆ ಕಿಮ್ಮತ್ತಿರಲ್ಲ. ಅವನನ್ನ ನಾನು ಕೇಳ್ತೀನಿ. ಕೋರ್ಟು ಮುಗಿಯೋ ತನಕ ನೀನು ಅವನಿಗೆ ಯಾರೂ ಅಲ್ಲ."

ಅವಳು ಅವನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು.

"ಭಾನುವಾರ ಬರಬೇಡಿ. ಇನ್ಮೇಲೆ ಯಾವತ್ತೂ ಬರಬೇಡಿ."

"ನಾನೇನು ತಪ್ಪು ಮಾಡಿದೆ?"

ಕಾರಣ ಹೇಳಿದರೆ ಅದೇ ಸುಳಿವಾಗುತ್ತದೆ. ಹಲ್ಲು ಕಚ್ಚಿಕೊಂಡು, "ನೀವು ನನಗೆ ಇಷ್ಟ ಇಲ್ಲ. ಅಷ್ಟೇ," ಎಂದಳು.

ಅವನ ಮುಖ ಬಾಡಿತು. ನಿಜ ಹೇಳಬೇಕೆಂದರೆ, ಅದನ್ನು ನೋಡಿ ಅವಳಿಗೆ ಸ್ವಲ್ಪ ಹಿತವೂ ಆಯಿತು. ಆರು ವರ್ಷದ ಸಿಟ್ಟು ಸುಮ್ಮನಿರುತ್ತದೆಯೇ? ಆದರೆ ಆ ಹಿತ ಮನೆ ಮುಟ್ಟುವ ತನಕವೂ ಉಳಿಯಲಿಲ್ಲ. ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಅಮ್ಮನಿಗೆ ಕೇಳದಂತೆ ಅತ್ತಳು.

ನಾಲ್ಕು ತಿಂಗಳು ಅವನಿಗೆ ಬೆನ್ನು ಹಾಕಿ ಊಟ ಮಾಡಿದಳು. ಅವನು ಜ್ವರ ಬಂದು ಒಂದು ವಾರ ಮಲಗಿದಾಗಲೂ ಹೇಗಿದ್ದೀರಿ ಎಂದು ಕೇಳಲಿಲ್ಲ.

ಅಷ್ಟರಲ್ಲಿ ಪ್ರಾಧ್ಯಾಪಕಿ ಅವನನ್ನು ಕೂರಿಸಿಕೊಂಡು, ಟೇಪು ಕೇಳಿಸಿ, ಮೊದಲಿನಿಂದ ಹೇಳು ಎಂದಷ್ಟೇ ಹೇಳಿ ಸುಮ್ಮನಾಗಿದ್ದರು. ಅವನು ಎಲ್ಲವನ್ನೂ ಹೇಳಿದ. ಆ ಹೆಂಗಸಿನ ಕೈ ನಡುಗುತ್ತಿತ್ತು. ಪಾಪ ಎನ್ನಿಸಿ ಟೇಪು ನಿಲ್ಲಿಸಿ, 'ಸರಿಯಾದವನನ್ನೇ ಆರಿಸಿದ್ದೀರಿ, ಹೆದರಬೇಡಿ' ಎಂದಿದ್ದ. ಅವಳ ಅನುಮಾನ ಅಲ್ಲಿಗೇ ಸತ್ತಿತು. "ಕ್ಲಾಸಿನಲ್ಲಿ ದಿನಾ ಈ ತಪ್ಪು ಹೇಳಿಕೊಡ್ತೀನಿ," ಎಂದನಂತೆ. "ಬೇರೆ ಯಾರೋ ಮಾಡೋದು ಅಂದ್ಕೊಂಡಿದ್ದೆ."

ಅಣ್ಣನ ಮೇಲ್ಮನವಿ ವಿಚಾರಣೆಗೆ ಬಂದಾಗ ಅದನ್ನೇ ಕೋರ್ಟಿನಲ್ಲೂ ಹೇಳಿದ. ಸರ್ಕಾರಿ ವಕೀಲರು ಎದ್ದು ಅವಳತ್ತ ಕೈ ತೋರಿಸಿದರು. ಕೈದಿಯ ತಂಗಿಯನ್ನು ಪ್ರೀತಿಸಿ ಈ ಕಥೆ ಕಟ್ಟಿದ್ದೀರಿ, ಅಲ್ಲವೇ ಎಂದರು.

ಅವನು ಅವಳನ್ನು ನೋಡಿದ. ನೋಡುತ್ತಲೇ ಇದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಇವರು ಅವರ ತಂಗಿ ಅಂತ ನನಗೆ ಈಗ ಗೊತ್ತಾಯ್ತು," ಎಂದ. "ನನ್ನನ್ನ ಬೇಡ ಅಂದು ನಾಲ್ಕು ತಿಂಗಳಾಯ್ತು ಸ್ವಾಮಿ."

ಆ ಮುಖವನ್ನು ನೋಡಿದ ಯಾರಿಗೂ ಅದು ನಾಟಕ ಎನ್ನಿಸಲು ಸಾಧ್ಯವಿರಲಿಲ್ಲ. ನ್ಯಾಯಾಧೀಶರು ಬರೆದುಕೊಂಡರು. ಆರು ವಾರಕ್ಕೆ ಅಣ್ಣ ಹೊರಗೆ ಬಂದ. ಸಾಕ್ಷಿ ಹೇಳಿದ 'ಕಳ್ಳ'ನ ಕೆಲಸ ಹೋಯಿತು. ಎರಡು ವರ್ಷ ಅವಳು ತನ್ನ ಜೊತೆ ನಕ್ಕಿದ್ದೂ ಆ ಟೇಪಿಗಾಗಿಯೇ ಎಂದುಕೊಂಡ ಅವನು, ಅವಳ ಒಂದು ಫೋನನ್ನೂ ಎತ್ತಲಿಲ್ಲ.

ಈಗ ಅವನು ವಿಮೆ ಕಚೇರಿಯಲ್ಲಿ ಅಪಘಾತವಾದವರ ಹೇಳಿಕೆ ಬರೆದುಕೊಳ್ಳುತ್ತಾನೆ. ಒಂದು ದಿನ ಅವಳು ಅಲ್ಲಿಗೆ ಹೋಗಿ ಟೋಕನ್ ತೆಗೆದುಕೊಂಡು, ಸರದಿ ಬಂದಾಗ ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಹಾಳೆ ಎಳೆದುಕೊಂಡ.

"ಏನಾಯ್ತು, ಮೊದಲಿನಿಂದ ಹೇಳಿ. ನಾನು ಮಧ್ಯೆ ಬಾಯಿ ಹಾಕಲ್ಲ."

ಅವಳು ಹೇಳಿದಳು. ಮೀಸೆಯಿಂದ ಹಿಡಿದು ಮೆಟ್ಟಿಲವರೆಗೆ, ಬಚ್ಚಲ ನಲ್ಲಿಯವರೆಗೆ. ಟೇಪು ಕೇಳುವ ಮೊದಲೇ ಪ್ರೀತಿಸಿದ್ದೆ ಎಂದಳು. ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಒಂದು ಸಲ ತಲೆಯಾದರೂ ಆಡಿಸಿ..." ಎಂದಳು ಅವಳು. "ನಾನು ಸರಿಯಾದವನನ್ನೇ ಆರಿಸಿದೀನಾ?"

"ಅದನ್ನ ನಾನು ಹೇಳಬಾರದು. ಒಂದು ಸಲ ಹೇಳಿದ್ದಕ್ಕೆ ನಿಮ್ಮಣ್ಣ ಆರು ವರ್ಷ ಒಳಗಿದ್ದ." ಅವನು ಪೆನ್ನನ್ನು ಹಾಳೆಗೆ ಊರಿದ. "ನೂರಕ್ಕೆ ಎಷ್ಟು ಖಚಿತ?"

ಅವಳು ಯೋಚಿಸಿದಳು. "ಎಪ್ಪತ್ತು."

"ಉಳಿದ ಮೂವತ್ತು?"

"ಅಣ್ಣನದು. ನೀವು ಮನೆಯೊಳಗೆ ಬಂದರೆ ಅವನು ತಟ್ಟೆ ಬಿಟ್ಟು ಎದ್ದು ಹೋಗ್ತಾನೆ. ಯಾವತ್ತೂ ನಿಮ್ಮ ಜೊತೆ ಮಾತಾಡಲ್ಲ ಅಂದಿದಾನೆ."

"ನಾನು ಹೊರಗೇ ಕೂತ್ಕೋತೀನಿ. ಅವರು ಉಣ್ಣಲಿ."

ಅವಳು ಮೇಜಿನ ಮೇಲೆ ಕೈ ಚಾಚಿದಳು. "ಎಪ್ಪತ್ತು ಸಾಕಾ, ಕಳ್ಳ?"

ಅವನು ಪೆನ್ನು ಕೆಳಗಿಟ್ಟು ಆ ಕೈ ಹಿಡಿದುಕೊಂಡ.

"ಮೀಸೆಗೆ ನೂರು ಕೊಟ್ಟಿದ್ದಿರಿ, ಮೇಡಂ. ಎಪ್ಪತ್ತೇ ವಾಸಿ."