ಅಂಗೈ ಮೇಲಿನ ತಾಳ

"ಹಾಡು ಯಾಕೋ ಅಳಾಕತ್ತೈತಲ್ಲ ಮಯೂ?"

ಅಜ್ಜ ತನ್ನ ಎಡಗಿವಿಯನ್ನು ರೆಕಾರ್ಡ್ ಪ್ಲೇಯರ್ ಹತ್ತಿರ ತಂದು ಕೇಳಿದ. ಕರಿ ತಟ್ಟೆ ತಿರುಗುತ್ತಿತ್ತು. ಸೂಜಿ ಅದರ ಮೇಲೆ ಓಡುತ್ತಿತ್ತು. ಆದರೆ ಭಜನೆ ಹಾಡುವ ಹೆಂಗಸಿನ ದನಿ ಒಮ್ಮೆ ಎಳೆದಂತೆ, ಒಮ್ಮೆ ನೀರಲ್ಲಿ ಮುಳುಗಿದಂತೆ ಬರುತ್ತಿತ್ತು.

ಹಾಡು ಹೀಗ್ಯಾಕೆ ಆಗಿದೆ ಎಂಬುದು ಆ ಮನೆಯಲ್ಲಿ ಮಯೂರಿಯೊಬ್ಬಳಿಗೇ ಗೊತ್ತಿತ್ತು.

"ನಿನಗ ಹ್ಯಾಂಗ ಕೇಳಾಕತ್ತೈತಿ? ಖರೇ ಹೇಳು."

"ಚೊಲೋ ಐತಿ ಅಜ್ಜಾ!" ಮಯೂರಿ ಅವನ ಕಿವಿಯ ಹತ್ತಿರ ಜೋರಾಗಿ ಹೇಳಿದಳು. "ಮಸ್ತ್ ಐತಿ!"

ಅಜ್ಜ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸೂಜಿಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ.

"ಹಂಗಾರ ಪ್ಲೇಯರ್ ಬರೊಬ್ಬರಿ ಐತಿ," ಎಂದ. "ನನ್ನ ಕಿವಿನ ಕೆಟ್ಟಾವು. ಬಲಗಿವಿ ಯಾವಾಗೋ ಹೋಗಿತ್ತು. ಈಗ ಎಡಗಿವೀನೂ ಮುಗೀತು."

ಮಯೂರಿಗೆ ಬಾಯಿ ತೆರೆಯಬೇಕೆನಿಸಿತು. ಆದರೆ ತಟ್ಟೆಯ ಕಡೆ ತಿರುಗಿ ಅದರ ಮೇಲಿನ ಧೂಳು ಒರೆಸತೊಡಗಿದಳು.

ಮಯೂರಿಯ ಅಜ್ಜನ ಹೆಸರು ಜಿನ್ನಪ್ಪ. ಮೀಸೆ ಮೂಡಿದಾಗಿನಿಂದ ಕೂದಲು ಬೆಳ್ಳಗಾಗುವ ತನಕ ಬೋರಗಾಂವದಲ್ಲಿ ಪವರ್‌ಲೂಮ್ ನಡೆಸಿದವನು. ಮನೆಗೆ ಹೊಂದಿಕೊಂಡೇ ಲೂಮ್ ಶೆಡ್ಡು. ಬೆಳಗಾದರೆ ಸಾಕು, ಖಟ್ ಖಟ್ ಖಟ್ ಖಟ್. ಹೊಸ ನೆಂಟರು ಬಂದರೆ ತಲೆ ಹಿಡಿದುಕೊಂಡು ಕೂರುತ್ತಿದ್ದರು.

ಅಂಥ ಸಪ್ಪಳದಲ್ಲಿ ಬಾಯಿ ಇದ್ದೂ ಉಪಯೋಗವಿಲ್ಲ. ಅಲ್ಲಿ ಕೈಗಳೇ ಮಾತಾಡುತ್ತವೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ ಎಂದರ್ಥ. ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು ಬೇಕು. ಹೆಬ್ಬೆರಳನ್ನು ಮತ್ತೆ ಮತ್ತೆ ಒತ್ತಿದಂತೆ ಮಾಡಿದರೆ ಎಣ್ಣೆ ಬಿಡು. ಮಯೂರಿ ಅ ಆ ಇ ಈ ಕಲಿಯುವ ಮೊದಲೇ ಈ ಮಾತು ಕಲಿತಿದ್ದಳು.

ಆ ಖಟಖಟವೇ ಅಜ್ಜನ ಕಿವಿಯನ್ನು ದಿನಾ ಚೂರುಚೂರೇ ತಿಂದಿತ್ತು. ಚಿಕ್ಕೋಡಿಯ ಡಾಕ್ಟರು ಕಿವಿಗೆ ಮಷೀನು ಕೊಟ್ಟಿದ್ದರು. "ಅದನ್ನ ಹಾಕ್ಕೊಂಡ್ರ ಡಬ್ಬಿಯೊಳಗ ಹರಳ ಹಾಕಿ ಅಲ್ಲಾಡಿಸಿದಂಗ ಆಗತೈತಿ," ಎಂದು ಅಜ್ಜ ಅದನ್ನು ಡ್ರಾಯರಿಗೆ ಹಾಕಿಬಿಟ್ಟಿದ್ದ.

ಇಂಥ ಅಜ್ಜನಿಗೆ ಹಾಡಿನ ಪೆಟ್ಟಿಗೆಗಳ ಹುಚ್ಚು! ಲೂಮುಗಳನ್ನು ಮಗ ಜಿನೇಂದ್ರನ ಕೈಗೆ ಕೊಟ್ಟ ಮೇಲೆ ಹಳೆ ರೇಡಿಯೊ, ಹಳೆ ಆಂಪ್ಲಿಫೈಯರ್, ಹಳೆ ಸ್ಪೀಕರ್ ಎಂದು ನಿಪ್ಪಾಣಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ತಂದು ಬಿಚ್ಚುವುದು, ಒರೆಸುವುದು, ಬೆಸುಗೆ ಹಾಕುವುದು, ಮತ್ತೆ ಜೋಡಿಸುವುದು. ಸತ್ತ ಪೆಟ್ಟಿಗೆಯೊಂದು ಗರ್ರ್ ಎಂದು ಜೀವ ಹಿಡಿದರೆ ಅವನ ಮುಖ ನೋಡಬೇಕು.

"ಕಿವಿ ಕೇಳದವರಿಗೆ ಹಾಡಿನ ಚಿಂತಿ ನೋಡ್ರಿ," ಎಂದು ಸುಗಂಧಾ ಆಯಿ ನಗುತ್ತಿದ್ದಳು. ಆಯಿ ಅಂದರೆ ಮಯೂರಿಯ ಅಜ್ಜಿ. ಆದರೆ ಪೆಟ್ಟಿಗೆಗಳ ಮೇಲೆ ಧೂಳು ಕೂರದಂತೆ ತನ್ನ ಹಳೆಯ ಸೀರೆ ಹೊಲಿದು ಹೊದಿಕೆ ಮಾಡಿಕೊಟ್ಟವಳೂ ಅವಳೇ.

ಈ ರೆಕಾರ್ಡ್ ಪ್ಲೇಯರ್ ಮಾತ್ರ ಎಲ್ಲಕ್ಕಿಂತ ಹೆಚ್ಚು ಕಾಡಿಸಿತ್ತು. ಮಳೆಗಾಲ ಪೂರ್ತಿ ಅಜ್ಜ ಅದರ ಮುಂದೆ ಕೂತಿದ್ದ. "ಲಗೂನ ರಿಪೇರಿ ಆಗಬೇಕು ಮಯೂ. ಕಿವಿ ಪೂರ್ತಿ ಹೋಗೋದರಾಗ ಆ ಭಜನಿ ಒಮ್ಮೆ ಕೇಳಬೇಕು," ಎನ್ನುತ್ತಿದ್ದ. ಆ ಭಜನೆಯನ್ನು ಅವನು ಹುಡುಗನಾಗಿದ್ದಾಗ ಬಸದಿಯ ಪಕ್ಕದ ಮನೆಯಲ್ಲಿ ಕೇಳಿದ್ದನಂತೆ. ಅದೇ ಹಾಡಿನ ತಟ್ಟೆ ಗುಜರಿಯಲ್ಲಿ ಸಿಕ್ಕಿತ್ತು.

ಕೊನೆಗೆ ಪ್ಲೇಯರ್ ರಿಪೇರಿಯಾಯಿತು. ಆದರೆ ಲೂಮಿಗೆ ರಜೆ ವಾರಕ್ಕೊಮ್ಮೆ. ಹಾಡು ಕೇಳಬೇಕಾದರೆ ಆ ದಿನವೇ ಆಗಬೇಕು.

ರಜೆಯ ಹಿಂದಿನ ದಿನ ಅಜ್ಜ, ಆಯಿ ಬಸದಿಗೆ ಹೋಗಿದ್ದರು. ಕರೆಂಟ್ ಹೋಗಿ ಲೂಮು ನಿಂತಿದ್ದವು. ಮಯೂರಿ ಸುಮ್ಮನೆ ಪ್ಲೇಯರನ್ನು ಕೈಯಿಂದಲೇ ತಿರುಗಿಸಿ ನೋಡಿದಳು. ಕಿರ್... ಕಿರ್... ಎಂದು ಸಣ್ಣ ಸಪ್ಪಳ. ಅಜ್ಜ ಇದನ್ನು ಹೇಗೆ ಬಿಟ್ಟ?

ಲೂಮಿನ ಮನೆಯ ಮಕ್ಕಳಿಗೆ ಕಿರ್ ಎಂದರೆ ಒಂದೇ ಔಷಧ ಗೊತ್ತು. "ತಿರಗೋದಕ್ಕ ಎಣ್ಣಿ ಹಾಕಿದ್ರ ಅದು ಬೈಯೂದಿಲ್ಲ," ಎಂದು ಅಜ್ಜನೇ ಸಾವಿರ ಸಲ ಹೇಳಿದ್ದ. ಮಯೂರಿ ಶೆಡ್ಡಿನಿಂದ ಉದ್ದ ಮೂಗಿನ ಎಣ್ಣೆ ಡಬ್ಬಿ ತಂದಳು. ತಟ್ಟೆ ಕೂರುವ ಗಾಲಿಯನ್ನು ಎತ್ತಿ, ನಡುವಿನ ಕಂಬಿಗೆ, ಮೋಟರಿಗೆ, ಲೂಮಿಗೆ ಬಿಡುವಷ್ಟೇ ಧಾರಾಳವಾಗಿ ಎಣ್ಣೆ ಬಿಟ್ಟಳು. ಟಕ್ ಟಕ್ ಟಕ್ ಟಕ್.

ಕಿರ್ ಸಪ್ಪಳ ನಿಂತಿತು. ಮಯೂರಿ ಹಿಗ್ಗಿ ಹೀರೇಕಾಯಿಯಾದಳು.

ಆದರೆ ಲೂಮು ಆನೆಯಂಥದ್ದು, ಪ್ಲೇಯರ್ ಗುಬ್ಬಿಯಂಥದ್ದು. ಹೆಚ್ಚಾದ ಎಣ್ಣೆ ಹರಿದು ಒಳಗಿನ ಸಣ್ಣ ರಬ್ಬರ್ ಬೆಲ್ಟಿಗೆ ತಾಗಿತು. ಮೋಟರು ತಿರುಗಿದರೂ ಬೆಲ್ಟು ಜಾರತೊಡಗಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ರಜೆಯ ಸಂಜೆ ಆ ಅಳುವ ಹಾಡು ಕೇಳಿದಾಗಲೇ ಮಯೂರಿಗೆ ಎಲ್ಲ ಹೊಳೆದದ್ದು. ಬೈಗುಳದ ಭಯಕ್ಕೆ ಚೊಲೋ ಐತಿ ಎಂದುಬಿಟ್ಟಳು. ಆ ಒಂದು ಮಾತಿಗೆ ಅಜ್ಜ ತನ್ನ ಕಿವಿಯ ಆಸೆಯನ್ನೇ ಬಿಟ್ಟಿದ್ದ.

"ಜಿನೇಂದ್ರ, ಸದಲಗಾದ ತಾತ್ಯಾಸಾಹೇಬಗ ಫೋನ್ ಹಚ್ಚು," ಎಂದ ಅಜ್ಜ ಮಗನಿಗೆ. "ಅವಗೂ ಇಂಥಾ ಸೆಟ್ ಅಂದ್ರ ಭಾಳ ಪ್ರೀತಿ. ಪ್ಲೇಯರ್, ರೇಡಿಯೋ ಎಲ್ಲಾ ನಾಳೆ ಬಂದು ಒಯ್ಯಲಿ. ಕೇಳಾವರ ಮನ್ಯಾಗ ಇರಲಿ ಅವು."

"ಅಪ್ಪಾ, ಇಷ್ಟು ಗಡಬಡಿ ಯಾಕ?" ಎಂದು ಮಗ ಕೂಗಿ ಕೇಳಿದ.

ಅಜ್ಜ ಕೈ ಅಲ್ಲಾಡಿಸಿದ. ಬೇಡ, ಮಾತು ಬೇಡ ಎಂದು.

ಮಯೂರಿ ಆ ರಾತ್ರಿ ಹೊರಳಾಡಿಯೇ ಮಲಗಿದಳು. ಬೆಳಿಗ್ಗೆ ತಾಟಿನಲ್ಲಿದ್ದ ಅವಲಕ್ಕಿಯನ್ನು ಬೆರಳಲ್ಲಿ ಆಚೀಚೆ ಸರಿಸುತ್ತ ಕೂತಳು. "ಸಾಲಿಗೆ ಲೇಟ್ ಆಗತೈತಿ ಪೋರಿ," ಎಂದು ಆಯಿ ಗದರಿದಳು.

ಲೂಮು ಶುರುವಾಗಿದ್ದವು. ಗೋಡೆಯಾಚೆಯ ಖಟಖಟಕ್ಕೆ ಅಜ್ಜನ ಕೋಣೆಯ ಕಿಟಕಿಯೂ ನಡುಗುತ್ತಿತ್ತು. ಅಜ್ಜ ನೆಲದ ಮೇಲೆ ಕೂತು ಪ್ಲೇಯರನ್ನು ಆಯಿಯ ಹಳೆ ಸೀರೆಯಲ್ಲಿ ಸುತ್ತುತ್ತಿದ್ದ. ಗಂಟು ಹಾಕುವ ಮೊದಲು ಅದರ ಕಟ್ಟಿಗೆಯ ಮೈಯನ್ನು ಒಮ್ಮೆ ಸವರಿದ.

"ಅಜ್ಜಾ!"

ಅವನಿಗೆ ಕೇಳಿಸಲಿಲ್ಲ. ಆ ಸಪ್ಪಳದಲ್ಲಿ ಅವಳ ದನಿ ಅವಳಿಗೇ ಕೇಳಿಸಿರಲಿಲ್ಲ.

ಮಯೂರಿ ಎದುರಿಗೆ ಹೋಗಿ ನಿಂತಳು. ಅಜ್ಜ ತಲೆಯೆತ್ತಿದ. ಅವಳು ಪ್ಲೇಯರಿನ ಕಡೆ ಬೆರಳು ಮಾಡಿದಳು. ಹೆಬ್ಬೆರಳನ್ನು ಒತ್ತಿದಳು, ಒತ್ತಿದಳು, ಮತ್ತೆ ಒತ್ತಿದಳು. ಎಣ್ಣೆ. ಆಮೇಲೆ ಅದೇ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. ನಾನು.

ಅಜ್ಜನ ಕೈ ಗಂಟಿನ ಮೇಲೆ ಹಾಗೇ ನಿಂತಿತು.

ಅವಳು ತನ್ನ ಕಿವಿ ತೋರಿಸಿ, ಗಾಳಿಯಲ್ಲಿ ಬೆರಳನ್ನು ಅಲೆಯಂತೆ ಏರಿಸಿ ಇಳಿಸಿದಳು. ನನಗೂ ಹಾಡು ಹಾಗೇ ಕೇಳಿಸಿತು. ಇಷ್ಟು ಹೇಳುವಷ್ಟರಲ್ಲಿ ಕಣ್ಣೀರು ಯೂನಿಫಾರ್ಮಿನ ಮೇಲೆ ಬಿತ್ತು.

ಅಜ್ಜ ಗಡಬಡಿಸಿ ಸೀರೆ ಬಿಚ್ಚಿದ. ಗಾಲಿ ಎತ್ತಿ ಬೆಲ್ಟನ್ನು ಬೆರಳಲ್ಲಿ ತಿಕ್ಕಿದ. ಬೆರಳು ಮೂಸಿದ. ಆಮೇಲೆ ಎಡಗಿವಿಯನ್ನು ಅಂಗೈಯಿಂದ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ನೋಡಿಕೊಂಡ.

"ಹಂಗಾರ ನನ್ನ ಕಿವಿ ಅಲ್ಲ?" ಎಂದು ಲೂಮಿನ ಸಪ್ಪಳವನ್ನೂ ಮೀರಿ ಕೂಗಿದ. "ಏ ಜಿನೇಂದ್ರ! ತಾತ್ಯಾಸಾಹೇಬಗ ಬರಬ್ಯಾಡ ಅನ್ನು!"

ಅವನು ನಗುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. ಒಂದು ಏಟು ಹಾಕಿದ್ದರೆ ಮಯೂರಿಗೆ ಇಷ್ಟು ನೋಯುತ್ತಿರಲಿಲ್ಲ.

ಸಂಜೆ ಇಬ್ಬರೂ ಕೂಡಿ ಬೆಲ್ಟನ್ನು ಸಾಬೂನು ನೀರಲ್ಲಿ ತೊಳೆದು ಒಣಗಿಸಿದರು. ಒಳಗಿನ ಎಣ್ಣೆಯನ್ನೆಲ್ಲ ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಬೆಲ್ಟು ತುಸು ಸಡಿಲಾಗಿತ್ತು. ಅಜ್ಜ ಮೋಟರನ್ನು ಕೂದಲೆಳೆಯಷ್ಟು ಹಿಂದೆ ಸರಿಸಿ ಬಿಗಿ ಮಾಡಿದ.

"ಎಣ್ಣಿ ಯಾಕ ಬಿಟ್ಟಿ ನೀ?" ಕೆಲಸ ಮುಗಿದ ಮೇಲೆ, ಲೂಮಿನವರು ಚಹಾಕ್ಕೆಂದು ಲೂಮು ನಿಲ್ಲಿಸಿದಾಗ ಕೇಳಿದ.

"ಕಿರ್ ಕಿರ್ ಅನ್ನಾಕತ್ತಿತ್ತಜ್ಜಾ."

"ಕಿರ್ ಅಂತಿತ್ತಾ?" ಅಜ್ಜನ ಕೈ ನಿಂತಿತು. "ನನಗ ಕೇಳಿದ್ದಿಲ್ಲ ನೋಡು."

ಆಮೇಲೆ ಒಂದು ಹೊಲಿಗೆ ಸೂಜಿಯನ್ನು ಎಣ್ಣೆಗೆ ಅದ್ದಿ ಮಯೂರಿಯ ಕೈಗೆ ಕೊಟ್ಟ. "ತುದಿಗಿ ನಿಂತಿದ್ದಷ್ಟ. ನೀನ ಹಾಕು. ಸಪ್ಪಳಾ ಹೋತೋ ಇಲ್ಲೋ ನೀನ ಹೇಳು."

ಮಯೂರಿ ಕಿವಿಗೊಟ್ಟು ಕೇಳಿದಳು. ಈ ಸಲ ಖರೆಯನ್ನೇ ಹೇಳಿದಳು. "ಇನ್ನಾ ಒಂದೀಟ ಐತಿ." ಮತ್ತೊಂದು ಹನಿ. "ಈಗ ಹೋತಜ್ಜಾ."

ಮುಂದಿನ ರಜೆಯ ದಿನ ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯಿತು. ಓಣಿಯ ಲೂಮುಗಳೆಲ್ಲ ಮಲಗಿದ್ದವು. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ಕೂತಳು.

ಅಜ್ಜ ಸೂಜಿ ಇಟ್ಟ. ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಒಂದು ಕೈ ಊರಿ ಕಣ್ಣು ಮುಚ್ಚಿದ.

"ಮೊದಲ ತಾಳ ಬರತೈತಿ. ಬೆಳ್ಳಿ ಗೆಜ್ಜಿಯಂಗ. ಬರೇ ತಾಳ," ಎಂದ. ಸ್ವಲ್ಪ ತಡೆದು ಕೇಳಿದ. "ಇನ್ನಾ ಬರಲಿಲ್ಲೇನ?"

ಮಯೂರಿಗೆ ತಾಳ ಆಗಲೇ ಕೇಳಿಸುತ್ತಿತ್ತು. ಛಿಣ್, ಛಿಣ್, ಛಿಣ್ ಎಂದು ಕೋಣೆಯ ತುಂಬ ಇತ್ತು. ಅವಳು ಆಯಿಯ ಕಡೆ ನೋಡಿದಳು. ಆಯಿ ಮುಖ ಆಚೆ ತಿರುಗಿಸಿಕೊಂಡಳು.

ಕಿರ್ ಸಪ್ಪಳದಂತೆಯೇ ಇಂಥ ತೆಳು ದನಿಯೂ ಅಜ್ಜನ ಕಿವಿಗೆ ಮುಟ್ಟುತ್ತಿರಲಿಲ್ಲ. ಎಣ್ಣೆಯನ್ನೆಲ್ಲ ಒರೆಸಿ ಆಗಿತ್ತು. ಇದನ್ನು ಒರೆಸಲು ಯಾವ ಸ್ಪಿರಿಟ್ಟೂ ಇರಲಿಲ್ಲ.

"ಬಂದೈತಜ್ಜಾ," ಎಂದಳು ಮಯೂರಿ.

ಅಜ್ಜನ ಇನ್ನೊಂದು ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಲೂಮಿನಲ್ಲಿ ದಡ್ಡುಗಟ್ಟಿದ್ದ ಆ ಅಂಗೈ ಮೇಲೆ ಒಂದು ಬೆರಳಿನಿಂದ ಮೆಲ್ಲಗೆ ತಟ್ಟತೊಡಗಿದಳು. ಛಿಣ್, ಛಿಣ್, ಛಿಣ್. ಒಂದೂ ತಪ್ಪದಂತೆ.

ಅಜ್ಜನ ತಲೆ ತಾಳಕ್ಕೆ ತಕ್ಕಂತೆ ತೂಗತೊಡಗಿತು. ಆಮೇಲೆ ಹಾಡು ಶುರುವಾಯಿತು. ಆ ದನಿ ಅವನಿಗೆ ಕೇಳಿಸಿತು. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆದರೂ ಮಯೂರಿ ಬೆರಳು ನಿಲ್ಲಿಸಲಿಲ್ಲ. ಹಾಡಿನ ಹಿಂದೆ ತಾಳ ಇನ್ನೂ ಇತ್ತು.