ಧರ್ಣಪ್ಪನ ಒಸಡು

ಧರ್ಣಪ್ಪನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಹೆಣದ ಬಾಯಿ ಅರ್ಧ ತೆರೆದೇ ಇತ್ತು. ತೋಡಾರಿನ ಆ ಮನೆಯ ಚಾವಡಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಉಮ್ಮರ್ ಅದನ್ನೇ ನೋಡುತ್ತ ನಿಂತಿದ್ದ. ತಿಂಗಳುಗಟ್ಟಲೆ ಹೊಟ್ಟೆ ಹಿಂಡುವ ನೋವು. ಆಮೇಲೆ ಎರಡೂ ಕೈ ಮಣಿಕಟ್ಟಿನಿಂದ ಜೋತುಬಿದ್ದವು. ಕೊನೆಗೆ ಮೈ ಸೆಟೆದು ಸೆಟೆದು ಮುದುಕ ಸತ್ತಿದ್ದ.

“ವಿಷ ಹಾಕಿದ್ದು ಇವಳೇ ಸಾರ್,” ಎಂದ ಲೋಕಯ್ಯ. ಸತ್ತವನ ತಂಗಿಯ ಮಗ. ಬಂಟ್ವಾಳದಲ್ಲಿ ಲಾರಿ ರೇಡಿಯೇಟರ್ ರಿಪೇರಿ ಮಾಡುವವ. “ದಿನಾ ಕುಡಿಸ್ತಿದ್ದದ್ದು ಇವಳ ಕೈ. ಊರಿಡೀ ನೋಡಿದೆ.”

ಇವಳು ಎಂದರೆ ರಾಜೀವಿ, ಧರ್ಣಪ್ಪನ ತೀರಿಹೋದ ಮಗನ ಹೆಂಡತಿ. ಬೀಡಿ ಕಟ್ಟುವ ಮೊರ ಪಕ್ಕಕ್ಕಿಟ್ಟು ಕಂಬಕ್ಕೆ ಒರಗಿದ್ದಳು.

“ಹೌದಾ?” ಎಂದು ಕೇಳಿದ ಉಮ್ಮರ್.

“ಕುಡಿಸಿದ್ದು ಹೌದು. ಮಾವನಿಗೆ ಲೋಟ ಎತ್ತಲಿಕ್ಕೆ ಆಗ್ತಿರಲಿಲ್ಲ. ಕುಡಿಸದಿದ್ದರೆ ಅವರು ಬೈತಿದ್ದರು. ಕುಡಿಸಿದ್ದಕ್ಕೆ ಈಗ ಇವ ಬೈತಾನೆ.”

“ಏನು ಕುಡಿಸ್ತಿದ್ದೆ?”

“ಮನೆಯಲ್ಲೇ ಇಳಿಸಿದ ಬೆಲ್ಲದ ಸಾರಾಯಿ. ಅದಕ್ಕೂ ಕೇಸ್ ಉಂಟಾ?”

“ಉಂಟು. ಅದನ್ನು ಮತ್ತೆ ನೋಡುವ.”

ಗೇಣಿಯ ಜಾಗ ಭೂಸುಧಾರಣೆಯಲ್ಲಿ ಧರ್ಣಪ್ಪನ ಹೆಸರಿಗೆ ಆಗಿತ್ತು. ಅದನ್ನು ಸೊಸೆಗೆ ಉಯಿಲು ಬರೆದಿದ್ದ. ಮಾವನ ಆಸ್ತಿ ಸೋದರಳಿಯನಿಗೆ ಎನ್ನುವ ಅಳಿಯಕಟ್ಟಿನ ಮನೆಯಲ್ಲಿ ಬೆಳೆದ ಲೋಕಯ್ಯ ಆ ದಿನ ಅಂಗಳದಲ್ಲಿ ನಿಂತು ಮಾವನ ಮೇಲೆ ಕೂಗಾಡಿದ್ದನಂತೆ. ಕೊಲ್ಲಲು ರಾಜೀವಿಗೆ ಕಾರಣವಿತ್ತು. ಆದರೆ ಕೊಂದವಳೆಂದು ಸಾಬೀತಾದರೆ ಅವಳಿಗೆ ಜಾಗ ಸಿಗದು. ಆಗ ಯಾರಿಗೆ? — ಉಮ್ಮರ್ ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡ.

ಹಿತ್ತಲ ಬಚ್ಚಲಲ್ಲಿ ಸಾರಾಯಿ ಇಳಿಸುವ ಬಟ್ಟಿ ಇತ್ತು. ಒಲೆಯ ಮೇಲೆ ತಾಮ್ರದ ಹಂಡೆ, ಅದರ ಬಾಯಿಗೆ ಮಣ್ಣು ಮೆತ್ತಿ ಕೂರಿಸಿದ ಮಡಕೆ. ಅದರ ಆವಿ ಹೋಗುತ್ತಿದ್ದದ್ದು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದ ಹಳೆಯ ಲಾರಿ ರೇಡಿಯೇಟರಿಗೆ.

“ಇದು ಎಲ್ಲಿಯದು?”

“ಮೊದಲು ಬಿದಿರಿನ ಕೊಳವೆ ಇತ್ತು. ಅದು ಸೀಳಿದ ಮೇಲೆ ಲೋಕಯ್ಯ ಇದನ್ನು ತಂದು ಕೂರಿಸಿದ,” ಎಂದಳು ರಾಜೀವಿ.

“ಬೇಗ ತಣೀತದೆ ಸಾರ್. ಉಪಕಾರ ಮಾಡಿದ್ದೂ ತಪ್ಪಾ?” ಎಂದ ಹಿಂದೆಯೇ ಬಂದಿದ್ದ ಲೋಕಯ್ಯ.

“ನೀನು ಇದರದ್ದು ಕುಡಿದಿದ್ದೀಯಾ?”

“ನಾನು ಕುಡಿಯುವುದನ್ನೇ ಬಿಟ್ಟಿದ್ದೇನೆ.”

“ಗುಳಿಗನಿಗೆ ಇಟ್ಟ ಲೋಟವನ್ನೂ ಮುಟ್ಟಲಿಲ್ಲ,” ಎಂದಳು ರಾಜೀವಿ. “ದೈವದ ಕಲ್ಲಿನ ಎದುರು ಇಟ್ಟದ್ದಕ್ಕೆ ಮೊದಲು ಕೈ ಚಾಚುತ್ತಿದ್ದವ ಇವನೇ.”

ಮರುದಿನ ಉಮ್ಮರ್ ಹೆಣ ಕೊಯ್ದ ಡಾಕ್ಟರ್ ವೆಂಕಟೇಶ್ವರ ಭಟ್ಟರ ಎದುರು ಕೂತ.

“ಸೀಸದ ವಿಷ ಇರಬಹುದಾ ಅಂತ ನನಗೂ ಅನಿಸಿತು,” ಎಂದರು ಡಾಕ್ಟರು. “ಆದರೆ ಒಸಡಿನಲ್ಲಿ ನೀಲಿ ಗೆರೆ ಬೀಳಬೇಕಿತ್ತು. ಇಲ್ಲ. ಹಾಗಾಗಿ ಬೇರೆ ಏನೋ. ಬೆಂಗಳೂರಿನ ಲ್ಯಾಬಿನ ವರದಿ ಬರುವಾಗ ಮಳೆಗಾಲ ಮುಗಿದಿರ್ತದೆ.”

ಅಲ್ಲಿಯವರೆಗೆ ರಾಜೀವಿ ಜೈಲಿನಲ್ಲಿ ಇರಬೇಕಾಗುತ್ತಿತ್ತು. ಅವಳನ್ನು ಹಿಡಿದು ಹಾಕು ಎಂದು ಮೇಲಿನವರು ಆಗಲೇ ಎರಡು ಸಲ ಫೋನ್ ಮಾಡಿದ್ದರು.

“ಆ ಗೆರೆ ಹೇಗೆ ಬರ್ತದೆ ಡಾಕ್ಟ್ರೇ?”

“ರಕ್ತದಲ್ಲಿರುವ ಸೀಸ, ಹಲ್ಲಿನ ಬುಡದ ಕೊಳೆ ಎರಡೂ ಸೇರಿ—”

ಉಮ್ಮರ್ ನಡುವೆಯೇ ಕೇಳಿದ.

“ಹಲ್ಲೇ ಇಲ್ಲದವನಿಗೆ?”

“ಬರುವುದಿಲ್ಲ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇರಲಿಕ್ಕೆ ಸಾಧ್ಯವೇ ಇಲ್ಲದ್ದನ್ನು ಹುಡುಕಿದೆ ನಾನು.”

ಉಮ್ಮರ್ ಬಂಟ್ವಾಳಕ್ಕೆ ಹೋಗಿ ಲೋಕಯ್ಯನ ಧಣಿ ಮೂಸಾನನ್ನು ಕಂಡ. ಬರುವಾಗ ಮೂಸಾ ಹೇಳಿದ ಮಡಂತ್ಯಾರಿನ ಸಾರಾಯಿ ಅಂಗಡಿಯಲ್ಲೂ ಇಳಿದ. ಸಂಜೆ ತೋಡಾರಿನ ಚಾವಡಿಯಲ್ಲಿ ಇಬ್ಬರನ್ನೂ ಕೂರಿಸಿದ.

“ರಾಜೀವಿ, ನೀನೂ ಕುಡೀತಿದ್ದೆಯಾ?”

“ಮಾವ ಬಿಟ್ಟದ್ದು ಒಂದೆರಡು ಗುಟುಕು. ಬೆನ್ನುನೋವಿಗೆ.”

“ಬಾಯಿ ತೆರೆ.”

ಕೆಳಗಿನ ಹಲ್ಲುಗಳ ಬುಡದುದ್ದಕ್ಕೂ ಪೆನ್ಸಿಲಿನಿಂದ ಎಳೆದಂತೆ ನೀಲಿ ಗೆರೆ. ಉಮ್ಮರ್ ಮೊರದಿಂದ ಒಂದು ಬೀಡಿ ಎತ್ತಿದ. ಎಲೆ ಬಿಚ್ಚಿಕೊಂಡು ಹೊಗೆಸೊಪ್ಪು ಅಂಗೈಗೆ ಉದುರಿತು.

“ಇಷ್ಟು ಸಡಿಲ ಯಾಕೆ?”

“ಬಲಗೈ ನಿಲ್ಲುವುದಿಲ್ಲ. ಬೀಡಿ ಡಿಪೋದವರು ವಾಪಸ್ ಕಳಿಸ್ತಾರೆ.”

“ತಾನು ಹಾಕಿದ ವಿಷವನ್ನು ಯಾರೂ ದಿನಾ ಕುಡಿಯುವುದಿಲ್ಲ,” ಎಂದ ಉಮ್ಮರ್. “ವಿಷ ಲೋಟಕ್ಕೆ ಬಿದ್ದದ್ದಲ್ಲ. ರೇಡಿಯೇಟರಿನ ಬೆಸುಗೆಯಿಂದ ಇಳಿದದ್ದು. ಆ ಬೆಸುಗೆಯಲ್ಲಿ ಸೀಸ ಉಂಟು. ಬಿಸಿ ಆವಿ ಒಳಗೆ ಹರಿದಷ್ಟೂ ಸೀಸ ಸಾರಾಯಿಗೆ ಸೇರ್ತದೆ.”

“ನನಗೆ ಹೇಗೆ ಗೊತ್ತಾಗಬೇಕು ಸಾರ್?” ಎಂದ ಲೋಕಯ್ಯ.

“ಮೂಸಾ ಹೇಳಿದ್ದಾನೆ. ಬಟ್ಟಿಗೆ ಇದು ಬೇಡ, ಸೀಸ ಕೈಕಾಲು ಬೀಳಿಸ್ತದೆ, ಬೆಸುಗೆ ಇಲ್ಲದ ತಾಮ್ರದ ಕೊಳವೆ ಪುಕ್ಕಟೆ ಕೊಡ್ತೇನೆ ಅಂತ ನಿನಗೆ ಹೇಳಿದ್ದನಂತೆ. ನೀನು ಬೇಡ ಎಂದೆ. ಉಯಿಲು ಬರೆದ ವಾರವೇ ಇದನ್ನು ಹೊತ್ತು ತಂದೆ.”

“ಮೂಸಾ ಸುಳ್ಳು ಹೇಳ್ತಾನೆ.”

“ಇರಲಿ ಮಾರಾಯ. ಕುಡಿಯುವುದನ್ನು ಬಿಟ್ಟವ ಮಡಂತ್ಯಾರಿನಲ್ಲಿ ದಿನಾ ಏನು ಮಾಡ್ತೀ? ಅಂಗಡಿಯವನಿಗೆ ನಿನ್ನ ಗುರುತು ಚೆನ್ನಾಗಿ ಉಂಟು. ನೀನು ಬಿಟ್ಟದ್ದು ಮಾವನ ಮನೆಯದ್ದು ಮಾತ್ರ. ದೈವದ ಪಾಲನ್ನೂ ಬಿಟ್ಟೆ. ಯಾಕೆ?”



“ಜಾಗ ನಮ್ಮ ಕುಟುಂಬದ್ದು,” ಎಂದ ಲೋಕಯ್ಯ.

ಅವನನ್ನು ಜೀಪಿಗೆ ಹತ್ತಿಸಿದರು. ರಾಜೀವಿಯ ಕೈ ಮೊದಲಿನಂತೆ ಆಗುವ ಭರವಸೆಯನ್ನು ಡಾಕ್ಟರು ಕೊಡಲಿಲ್ಲ. ಕಾನ್‌ಸ್ಟೇಬಲರು ಬಚ್ಚಲಿನಿಂದ ಬಟ್ಟಿಯನ್ನು ಹೊರಗೆ ತಂದರು. ಅವಳು ಎಡಗೈಯಿಂದ ಬೀಡಿಯ ಮೊರವನ್ನು ಒಳಗೆ ಎಳೆದುಕೊಂಡಳು.

ಆ ಮನೆಯಿಂದ ಹೋದದ್ದು ಒಬ್ಬ ಮುದುಕ, ಒಬ್ಬ ಅಳಿಯ, ಬೀಡಿ ಕಟ್ಟುವ ಒಂದು ಬಲಗೈ, ಜಪ್ತಿಯಾದ ಒಂದು ತಾಮ್ರದ ಹಂಡೆ.